ವ್ಯಾನಕ್ಕ ನುಂಗಿಕೊಂಡ ಮಾತು

ಎಲ್ಲರೂ ಅವಳನ್ನು ವ್ಯಾನಕ್ಕ ಅಂತಲೇ ಕರೆಯುತ್ತಿದ್ದರು. ಹದಿನಾಲ್ಕು ವರ್ಷ ಶಾಲೆ ಮಕ್ಕಳನ್ನು ಹೊತ್ತ ವ್ಯಾನು ಅವಳದು. ಶಾಲೆಯವರು ಸ್ವಂತ ಬಸ್ಸು ತಂದ ಮೇಲೆ ಅದು ಮನೆ ಮುಂದೆ ಧೂಳು ತಿನ್ನುತ್ತಾ ನಿಂತಿತ್ತು. ಆಗ ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಕರೆಸಿ ಕೆಲಸ ಕೊಟ್ಟರು. ವಾರಕ್ಕೆರಡು ದಿನ ಮನೆಮನೆಯಿಂದ ನಾಯಿ, ಬೆಕ್ಕುಗಳನ್ನು ಸಂತಾನಹರಣ ಆಪರೇಷನ್ನಿಗೆ ತರಬೇಕು, ಸಂಜೆ ವಾಪಸ್ಸು ಬಿಡಬೇಕು. ಸೀಟು ಕಿತ್ತು ಪಂಜರ ಜೋಡಿಸಿದ ದಿನ ವ್ಯಾನಕ್ಕ ಕಿತ್ತ ಸೀಟುಗಳನ್ನು ಒಂದೊಂದಾಗಿ ಒರೆಸಿಟ್ಟಿದ್ದಳು. "ಇವು ಟಿಫಿನ್ ಬಾಕ್ಸ್ ಅಂತೂ ಮರೆತು ಹೋಗಲ್ಲ ಬಿಡಕ್ಕಾ," ಅಂತ ತಂಗಿ ನಗಿಸಲು ನೋಡಿದ್ದಳು.

ಕೆಲಸಕ್ಕೆ ಒಂದೇ ಕಟ್ಟುನಿಟ್ಟು. ಪ್ರಾಣಿಯ ಹೊಟ್ಟೆ ಖಾಲಿ ಇರಬೇಕು. ಮತ್ತಿನಲ್ಲಿ ವಾಂತಿಯಾಗಿ ಉಸಿರಿಗೆ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಅದಕ್ಕೇ ಪ್ರತಿ ಬಾಗಿಲಲ್ಲೂ ಕೇಳಿಯೇ ಪಂಜರ ಎತ್ತುತ್ತಿದ್ದಳು.

ಆ ಶುಕ್ರವಾರ ಬಟ್ಟೆ ಹೊಲಿಯುವವಳ ಮನೆಯಲ್ಲೂ ಕೇಳಿದಳು. "ರಾತ್ರಿಯಿಂದ ಏನೂ ಕೊಟ್ಟಿಲ್ಲ ಅಕ್ಕ," ಎಂದಳು ಅವಳು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. ಮೇಲಿಂದ ಮೇಲೆ ಮರಿ ಹಾಕಿ ಸೋತು ಸೊಪ್ಪಾಗಿದ್ದ ಬೂದು ಬೆಕ್ಕು ಅದು.

ಹನ್ನೊಂದು ಗಂಟೆಗೆ ಡಾಕ್ಟರಮ್ಮ ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದರು. "ಬೂದು ಬೆಕ್ಕು ಹೋಗಿಬಿಡ್ತು. ಹೊಟ್ಟೆ ತುಂಬಾ ಹಾಲಿತ್ತು. ನೀನು ಕೇಳಿರಲಿಲ್ವಾ?"

"ಕೇಳಿದ್ದೆ. ನಾನೇ ಹೋಗಿ ಹೇಳ್ತೀನಿ, ಬಿಡಿ."

ದಾರಿಯುದ್ದಕ್ಕೂ ಸಿಟ್ಟು ಕುದಿಯುತ್ತಿತ್ತು. ಸುಳ್ಳು ಹೇಳಿದವಳನ್ನು ನಿಲ್ಲಿಸಿ ಕೇಳಿಯೇಬಿಡಬೇಕು ಅಂತಿದ್ದಳು. ಆದರೆ ಬೆಕ್ಕನ್ನು ಸುತ್ತಿದ್ದ ಟವಲಿನ ಗಂಟು ಕಂಡೊಡನೆ ಹೊಲಿಯುವವಳು ಬೀದಿಗೆ ಕೇಳುವಂತೆ ಕಿರುಚಿದಳು: "ಓಡಾಡ್ಕೊಂಡಿದ್ದದ್ದನ್ನ ಒಯ್ದು ಕೊಂದು ತಂದ್ಯಲ್ಲೇ!"

ಅವಳನ್ನು ದಾಟಿ ವ್ಯಾನಕ್ಕ ಹಿತ್ತಲಲ್ಲಿ ಗುಂಡಿ ತೋಡುತ್ತಿದ್ದಾಗ ಹೊಲಿಯುವವಳ ಅತ್ತೆ ಗೋಡೆ ಹಿಡಿದು ಹತ್ತಿರ ಬಂದರು. ಕಿವಿ ಮಂದ, ಕಣ್ಣು ಇನ್ನೂ ಮಂದ. ಪಿಸುಗುಟ್ಟಿದರು: "ಬೆಳಗಿನ ಜಾವ ಒಂದೇ ಸಮನೆ ಕೂಗ್ತಿತ್ತಮ್ಮ. ಸೊಸೆಗೆ ಗೊತ್ತಾಗದ ಹಾಗೆ ಒಂದು ಬಟ್ಟಲು ಹಾಲಿಟ್ಟೆ. ಹಸ್ಕೊಂಡು ಸಾಯಲಿಲ್ಲವಲ್ಲ, ಅದೊಂದೇ ಸಮಾಧಾನ."

ವ್ಯಾನಕ್ಕನ ಕೈಯಲ್ಲಿ ಗುದ್ದಲಿ ಹಾಗೇ ನಿಂತಿತು. ಮತ್ತೆ ತೋಡಿದಳು.

ವ್ಯಾನಿನಲ್ಲಿ ಹೋದದ್ದು ಹೆಣವಾಗಿ ಬರುತ್ತೆ ಅನ್ನೋ ಮಾತು ಓಣಿಯಿಂದ ಓಣಿಗೆ ಹಬ್ಬಿತು. ತಿಂಗಳೊಪ್ಪತ್ತಿನಲ್ಲಿ ಪಂಜರಗಳು ಖಾಲಿ ಓಡಾಡತೊಡಗಿದವು. ಡಾಕ್ಟರಮ್ಮ ಬೇಸತ್ತು, "ಹಾಲು ಕುಡಿಸಿದ್ರು ಅಂತ ನಾನೇ ಜನಕ್ಕೆ ಹೇಳ್ತೀನಿ," ಅಂದರು.

"ಬೇಡಿ. ಆಮೇಲೆ ಆ ಮನೇಲಿ ಆ ಮುದುಕಿ ಒಂದು ತುತ್ತು ನೆಮ್ಮದಿಯಾಗಿ ಉಣ್ಣೋಕಾಗುತ್ತಾ?"

ಆಸ್ಪತ್ರೆಯವರು ವ್ಯಾನಿನ ಕೆಲಸ ನಿಲ್ಲಿಸಿದರು. ವ್ಯಾನು ಗುಜರಿಗೆ ಹೋಯಿತು. ಈಗ ವ್ಯಾನಕ್ಕ ಒಂದು ಲಾಂಡ್ರಿಯಲ್ಲಿ ನಿಂತು ಇಸ್ತ್ರಿ ಮಾಡುತ್ತಾಳೆ, ಸಂಜೆಗೆ ಕಾಲು ಬಾತಿರುತ್ತದೆ. ಓಣಿಯ ಚರಂಡಿ ಪಕ್ಕ ಕಣ್ಣು ಬಿಡದ ಮರಿಗಳು ಬಿದ್ದಿರುತ್ತವೆ. ಮೊದಮೊದಲು ಎತ್ತಿ ಬದಿಗೆ ಇಡುತ್ತಿದ್ದಳು, ಈಗ ದಾಟಿ ಹೋಗುತ್ತಾಳೆ.

ಮೊನ್ನೆ ಜಗಲಿಗೆ ತಾಗಿಕೊಂಡೇ ಹೋಗುವಾಗ ಆ ಮುದುಕಿ ಗುರುತು ಹಿಡಿದು ಕೈಬೀಸಿ ಕರೆದರು. ಅವಳ ಕೈ ಹಿಡಿದುಕೊಂಡು, "ಕೊರಗಬೇಡಮ್ಮ, ನಾನು ಯಾವತ್ತೋ ನಿನ್ನನ್ನ ಕ್ಷಮಿಸಿಬಿಟ್ಟಿದ್ದೀನಿ," ಎಂದರು.

"ಆಯ್ತಮ್ಮ," ಎಂದಳು ವ್ಯಾನಕ್ಕ.