ನೀರು ಹಾಕುವ ನಾಗಕ್ಕ ಮಸಾಜಿಗೆ ಹೋದದ್ದು

ಹರಿಯಬ್ಬೆ ಹತ್ತಿರದ ನಮ್ಮ ಹಟ್ಟಿಯಲ್ಲಿ ಎಳೆಗೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುವವಳು ನಮ್ಮವ್ವ ನಾಗಕ್ಕ. ಮಣೆಯ ಮೇಲೆ ಕಾಲು ನೀಡಿ ಕೂತು, ಕೂಸನ್ನು ಆ ಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡು ಶುರು ಮಾಡಿದಳೆಂದರೆ ಅದರ ಅಳು ಕುರಿರೊಪ್ಪದವರೆಗೂ ಕೇಳಬೇಕು. ಅತ್ತರೇ ಎಣ್ಣೆ ಮೈಗೆ ಹತ್ತುವುದು ಎಂದು ಅವಳ ವಾದ. ಈ ವಿಷಯದಲ್ಲಿ ಡಾಕ್ಟರ ಮಾತನ್ನೇ ಕೇಳದವಳು ನನ್ನದನ್ನು ಕೇಳುತ್ತಾಳೆಯೇ?

ಅಂಥವಳ ಬಲಗೈ ಹೆಗಲಿನ ಮಟ್ಟಕ್ಕೂ ಏಳದಾಯಿತು. ಒಂದು ಬೆಳಿಗ್ಗೆ ಪಕ್ಕದ ಮನೆಯ ಕೂಸು ಅವಳ ಎಣ್ಣೆಗೈಯಿಂದ ಜಾರಿ, ಪುಣ್ಯಕ್ಕೆ ಮಡಿಲಿಗೇ ಬಿತ್ತು. ಕೂಸಿಗೆ ಏನೂ ಆಗಲಿಲ್ಲ. ಅವ್ವ ಮಾತ್ರ ಅಂದೇ ಮಣೆ ಎತ್ತಿ ಅಟ್ಟಕ್ಕೆ ಹಾಕಿದಳು. ನಾನು ಆಗ ಬಸುರಿ.

"ನಿನ್ ಕೂಸಿಗೆ ಬ್ಯಾರೆ ಯಾರ್ನಾದ್ರೂ ನೋಡ್ಕ, ದೀಪಾ. ನನ್ ಕೈ ನಂಬಬ್ಯಾಡ," ಅಂದಳು.

ಊರ ಮಕ್ಕಳಿಗೆಲ್ಲ ನೀರು ಹಾಕಿದವಳು ನನ್ನ ಮಗುವಿಗೆ ಹಾಕುವುದಿಲ್ಲವೆಂದರೆ! ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಮೂಳೆಯೇನೋ ಸರಿಯಿದೆ, ಕೀಲು ಬಿಗಿದಿದೆ, ಮಸಾಜ್ ಮಾಡಿಸಿ ನೋಡಿ ಎಂದು ಡಾಕ್ಟರು ಹೇಳಿದರು. ಅವ್ವನನ್ನು ಚಿತ್ರದುರ್ಗದ ಮಸಾಜ್ ಸೆಂಟರೊಂದಕ್ಕೆ ಎಳೆದುಕೊಂಡು ಹೋದೆ. ಹೊಟ್ಟೆ ಹಗುರವಾಗಿರಲಿ ಎಂದು ಫೋನಿನಲ್ಲೇ ಹೇಳಿದ್ದರು. ಅವ್ವ ಗಟ್ಟಿಯಾಗಿ ಮುದ್ದೆ ಉಂಡು, ಜೊತೆಗೆ ತನ್ನದೇ ಹರಳೆಣ್ಣೆ ಶೀಸೆ ಹಿಡಿದು ಹೊರಟಳು. ಅಲ್ಲಿ ಮಸಾಜ್ ಮಾಡುವ ಕಾವ್ಯಶ್ರೀ ಎಂಬ ಹುಡುಗಿ ಗದರಲಿಲ್ಲ. ಉಂಡದ್ದು ಇಳಿಯುವವರೆಗೆ ಕೂರಿಸಿ, ಬಿಪಿ ಇದೆಯೇ, ಎಲ್ಲಿ ನೋವು, ಎಲ್ಲಿ ಮುಟ್ಟುವುದು ಬೇಡ ಎಂದೆಲ್ಲ ವಿಚಾರಿಸಿದಳು.

"ಅಮ್ಮ, ನಾನು ಹೊರಗಿರ್ತೀನಿ. ನಿಮಗೆ ಒಪ್ಪಿಗೆ ಆಗೋಷ್ಟು ಬಟ್ಟೆ ತೆಗೆದು, ಈ ದುಪ್ಪಟಿ ಹೊದ್ಕಂಡು ಮಲ್ಕಳ್ರಿ. ಎಲ್ಲಿ ಉಜ್ತೀನೋ ಅಷ್ಟು ಮಾತ್ರ ಸರಿಸ್ತೀನಿ," ಅಂದಳು.

ಅವ್ವನ ಹಟಕ್ಕೆ ನಾನು ಒಳಗೇ ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಕಾವ್ಯಶ್ರೀ ಬಾಗಿಲು ತಟ್ಟಿ ಒಳಗೆ ಬಂದರೆ ಅವ್ವ ದುಪ್ಪಟಿ ಸುತ್ತಿಕೊಂಡು ಮಂಚದ ಪಕ್ಕ ನಿಂತೇ ಇದ್ದಳು.

"ಯಾಕಮ್ಮ, ಮಲಗ್ಲಿಲ್ಲ?"

"ನೀನು ಮೊದ್ಲು ಕುಂತ್ಕ ತಾಯಿ. ನೀನು ಕಾಲು ನೀಡಿದ್ರೆ ತಾನೆ ನಾನು ಮಲಗಾದು? ಕಡ್ಡಿ ಇದ್ದಂಗಿದೀಯ, ನನ್ ಭಾರ ತಡೀತೀಯೇನವ್ವ?"

ಬಸ್ಸಿನಲ್ಲಿ ಉದ್ದಕ್ಕೂ ಅವಳನ್ನು ಕೊರೆದದ್ದು ಇದೇ ಚಿಂತೆಯಂತೆ. ಕಾವ್ಯಶ್ರೀ ನಕ್ಕು ಸುಸ್ತಾದಳು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮಂಚ ಹತ್ತಿದ ಮೇಲೆ ಇನ್ನೊಂದು ತಕರಾರು. ನೋವಾದರೆ ಹೇಳಿ ಅಂದರೆ "ಇಲ್ಲ, ಒತ್ತು" ಅನ್ನುವಳು. ಕಾಲ್ಬೆರಳು ಮಾತ್ರ ಮುದುರಿಕೊಳ್ಳುತ್ತಿದ್ದವು. ಕಾವ್ಯಶ್ರೀ ಅದನ್ನು ನೋಡಿ ಕೈ ತೆಗೆದಳು.

"ನೀವು ತಡ್ಕಂಡಷ್ಟೂ ಕೈ ಬಿಗೀತೈತೆ ಅಮ್ಮ. ಸಾಕು ಅಂದ್ರೆ ನಿಲ್ಲಿಸ್ತೀನಿ. ಮೈ ನಿಮ್ದು."

"ಹಂಗಾರೆ ನೋಯ್ತೈತವ್ವ," ಅಂದಳು ಅವ್ವ. ನನ್ನನ್ನು ಹೆತ್ತ ದಿನವೂ ಆ ಮಾತು ಆಡಿರಲಿಲ್ಲವೆಂದು ಕೇಳಿದ್ದೇನೆ.

ಆದರೂ ತೋಳು ಸಡಿಲವಾಗಲಿಲ್ಲ. ತೋಳಿನ ಭಾರ ನನಗೆ ಬಿಡಿ ಎಂದು ಕಾವ್ಯಶ್ರೀ ಅಂದರೆ, ಪಾಪದ ಹುಡುಗಿಗೆ ಯಾಕೆ ತೊಂದರೆ ಎಂದು ಅವ್ವ ತಾನೇ ಎತ್ತಿ ಹಿಡಿಯುತ್ತಿದ್ದಳು.

"ಕೂಸು ಮೈ ಬಿಗಿ ಹಿಡಿದ್ರೆ ನೀವೇನ್ ಮಾಡ್ತೀರಿ?" ಎಂದು ಕಾವ್ಯಶ್ರೀ ಕೇಳಿದಳು.

"ಯಾರ ಕೂಸಿದು, ಯಾರ ಕೂಸಿದು ಅಂತ ಮಾತಾಡಿಸ್ತೀನಿ. ಬಿಡ್ತಾವೆ."

ನಾನು ಮೂಲೆಯಿಂದಲೇ ಶುರು ಮಾಡಿದೆ. "ಯಾರ ಕೂಸಿದು?"

"ಏ, ಸುಮ್ಕಿರೇ."

"ಯಾರ ಕೂಸವ್ವ ಇದು?"

ಅವ್ವ ಕಣ್ಣು ಮುಚ್ಚಿ ಮೆಲ್ಲಗೆ ಅಂದಳು, "ಈರಕ್ಕನ ಕೂಸು."

ಈರಕ್ಕ ಅವ್ವನ ತಾಯಿ. ಅವ್ವನಿಗೆ ಬುದ್ಧಿ ಬಲಿಯುವ ಮೊದಲೇ ತೀರಿಹೋದವಳು. ಕಾವ್ಯಶ್ರೀ ನನ್ನತ್ತ ತಲೆಯಾಡಿಸಿದಳು. ಅವ್ವನ ತೋಳು ಸಡಿಲವಾಗಿ ಪೂರ್ತಿ ಅವಳ ಕೈಯಲ್ಲಿತ್ತು. ಅವ್ವನ ಕಣ್ಣಂಚಿನಿಂದ ನೀರು ಇಳಿಯುತ್ತಿತ್ತು.

"ನಮ್ಮವ್ವ ಹೋದ್ಮ್ಯಾಲೆ ನನಗ್ಯಾರೂ ಎಣ್ಣೆ ಹಚ್ಚಿರ್ಲಿಲ್ಲ ಕಣವ್ವ," ಅಂದಳು. ಹಾಗೆಯೇ ನಿದ್ದೆ ಹೋಗಿ ಗೊರಕೆಯನ್ನೂ ಹೊಡೆದಳು. ನನಗೆ ನಾಚಿಕೆಯಾಯಿತು. ಎಲ್ಲರೂ ಹೊಡೀತಾರೆ ಬಿಡ್ರಿ ಎಂದು ಕಾವ್ಯಶ್ರೀ ಕೆಲಸ ಮುಂದುವರಿಸಿದಳು. ಎಚ್ಚರವಾದಾಗ ದಡಕ್ಕನೆ ಏಳಲು ಬಿಡದೆ, ಕೂರಿಸಿ ಬಿಸಿನೀರು ಕುಡಿಸಿದಳು.

ಆಮೇಲೆ ವಾರವಾರ ಹೋದೆವು. ಹೇಳಿಕೊಟ್ಟ ವ್ಯಾಯಾಮವನ್ನು ಅವ್ವ ಗೋಡೆ ಹಿಡಿದು, ಬೈಯುತ್ತ ಬೈಯುತ್ತ ಮಾಡಿದಳು. ಕೈ ಕಿವಿಯವರೆಗೆ ಬಂತು. ಆದರೆ ನನ್ನ ಕೂಸಿನ ವಿಷಯ ಎತ್ತಲಿಲ್ಲ. ಕೇಳಲು ನನಗೂ ಧೈರ್ಯ ಸಾಲಲಿಲ್ಲ.

ಮಗಳು ಹುಟ್ಟಿ ಮನೆಗೆ ಬಂದೆವು. ನೀರು ಹಾಕುವ ದಿನ ಯಾರನ್ನು ಕರೆಯುವುದೆಂದು ಯೋಚಿಸುತ್ತ ಕೂತಿದ್ದೆ. ಅವ್ವ ಬಂದು ಮಗುವನ್ನು ನನ್ನ ಮಡಿಲಿಂದ ಎತ್ತಿಕೊಂಡು ಬಚ್ಚಲಿಗೆ ನಡೆದಳು. ನಾನು ಗೋಡೆ ಹಿಡಿದುಕೊಂಡು ಹಿಂದೆಯೇ ಹೋದೆ. ಎಣ್ಣೆಯಾಯಿತು. ಎಡಗೈಯಲ್ಲಿ ಮಗುವನ್ನು ಹಿಡಿದು, ಬಲಗೈಯಲ್ಲಿ ತುಂಬಿದ ಚೊಂಬನ್ನು ತಲೆಗಿಂತ ಮೇಲೆತ್ತಿ ನೀರು ಸುರಿದಳು. ಕೈ ನಡುಗಲಿಲ್ಲ.

ಅಬ್ಬಾ, ಈಗ ನನಗೆ ನಿಜಕ್ಕೂ ಹೆರಿಗೆಯಾಯಿತು ಅನ್ನಿಸಿತು.