ವಲ್ಲಿಯ ಕೆಳಗಿನ ಕೈ

ಹೊಗೆಸೊಪ್ಪು, ಗಂಜಲ, ಬಿಸಿಲಿಗೆ ಒಣಗಿದ ಬೆವರು, ಈ ಮೂರೂ ಸೇರಿದ ಒಂದು ವಾಸನೆ ಇದೆ. ಎತ್ತಿನ ವ್ಯಾಪಾರ ಮಾಡಿದವರ ಹೆಗಲಿನ ವಲ್ಲಿಗೆ ಮಾತ್ರ ಇರುವಂಥದ್ದು, ಎಷ್ಟು ಒಗೆದರೂ ಹೋಗುವುದಿಲ್ಲ. ಹೊನ್ನಾಳಿಯ ನನ್ನ ಪಾತ್ರೆ ಅಂಗಡಿಗೆ ಮೊನ್ನೆ ನ್ಯಾಮತಿ ಕಡೆಯ ಮುದುಕರೊಬ್ಬರು ಬಿಂದಿಗೆ ಕೊಳ್ಳಲು ಬಂದರು. ರೇಟಿಗೆ ನನ್ನ ಜೊತೆ ಜಗ್ಗಾಡಿ, ಸೋತು, ವಲ್ಲಿ ಕೊಡವಿ ಮುಖ ಒರೆಸಿಕೊಂಡರು. ಅಷ್ಟೇ ಆಗಿದ್ದು. ಅದೇ ವಾಸನೆ ನನ್ನ ಮೂಗಿಗೆ ಬಡಿಯಿತು. "ಯಾಕವ್ವಾ, ಗೆದ್ದೋಳು ನೀನು, ಮುಖ ಯಾಕೆ ಸಣ್ಣಗಾತು?" ಅಂದರು. ಅವರು ಕೇಳಿದ ರೇಟಿಗೇ ಬಿಂದಿಗೆ ಕೊಟ್ಟು ಕಳಿಸಿದೆ. ವ್ಯಾಪಾರಕ್ಕೆ ಕೂತವರು ವಾಸನೆಗೆ ಸೋಲಬಾರದು. ನೀವು ಸೋಲಬೇಡಿ, ನಾನು ಸೋತೆ.

ನನ್ನ ಅಜ್ಜ ಜಗಳೂರು ಸೀಮೆಯಲ್ಲಿ ಎತ್ತಿನ ದಲ್ಲಾಳಿ. ನಮ್ಮದು ಮಣ್ಣಿನ ಮಾಳಿಗೆ ಮನೆ. ಬೇಸಿಗೆಯ ಮಧ್ಯಾಹ್ನದಲ್ಲೂ ಪಡಸಾಲೆ ಮಡಕೆಯ ಒಳಗಿನ ಹಾಗೆ ತಣ್ಣಗಿರುತ್ತಿತ್ತು. ಅಜ್ಜಿ ಸಜ್ಜೆ ಹುರಿದರೆ ಅದರ ಕಂಪು ಗೋಡೆಗೆ ಹತ್ತಿ ಮಾರನೆ ದಿನದವರೆಗೂ ಬಿಡುತ್ತಿರಲಿಲ್ಲ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈಗೆ ಕೈ ಕೊಟ್ಟು, ಮೇಲೆ ವಲ್ಲಿ ಹೊದಿಸಿ, ಬೆರಳು ಅದುಮಿ ಬೆಲೆ ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಸುತ್ತ ನಿಂತವರಿಗೆ ವಲ್ಲಿ ಅಲುಗುವುದಷ್ಟೇ ಕಾಣುತ್ತದೆ. ಯಾರು ಮೊದಲು ಕೈ ಬಿಟ್ಟರೋ ಅವರಿಂದ ವ್ಯಾಪಾರ ಮುರಿಯಿತು ಅಂತ ಲೆಕ್ಕ. ಸಂಜೆ ಪಡಸಾಲೆಯಲ್ಲಿ ಅಜ್ಜ ನನಗೆ ಇದನ್ನು ಆಟದ ಹಾಗೆ ಕಲಿಸಿದ. ಹುಣಸೆಬೀಜಕ್ಕೂ ಬೆಲ್ಲದ ಚೂರಿಗೂ ನಮ್ಮ ಚೌಕಾಸಿ. "ಬೆರಳು ಮಾತಾಡ್ಬೇಕು, ಮುಖ ಸುಮ್ನಿರ್ಬೇಕು ಕಣವ್ವಾ" ಅನ್ನುತ್ತಿದ್ದ. ಇವತ್ತಿಗೂ ನನ್ನ ಅಂಗಡಿ ನಡೆಯುವುದು ಆ ಮಾತಿನ ಮೇಲೆ. ಅಜ್ಜನ ಲೋಕದಲ್ಲಿ ಅರಿವಿಲ್ಲದ್ದು ಅಂತ ಯಾವುದೂ ಇರಲಿಲ್ಲ. ಎತ್ತು ಮಾರಿಹೋದ ದಿನ ಕೊಟ್ಟಿಗೆಯ ಖಾಲಿ ಗೂಟವನ್ನು ಮೆಲ್ಲಗೆ ತಟ್ಟಿ, "ಇದಕ್ಕೂ ಒಂಚೂರು ಗೊತ್ತಾಗ್ತೈತೆ. ಮನುಷ್ಯಂಗೆ ಕೊಡ, ಎತ್ತಿಗೆ ಚೊಂಬು, ಗೂಟಕ್ಕೆ ಹನಿ. ನೀರು ಒಂದೇ" ಅನ್ನುತ್ತಿದ್ದ.

ಅಂಥ ಅಜ್ಜನಿಗೆ ಒಂದು ಬೆಳಗ್ಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಮೈ ಹೋಯಿತು. ಕಣ್ಣು ತೆರೆದೇ ಇರುತ್ತಿದ್ದವು, ಆದರೆ ಯಾರ ಮೇಲೂ ನಿಲ್ಲುತ್ತಿರಲಿಲ್ಲ. ಪಡಸಾಲೆಯ ಮಂಚದಲ್ಲಿ ಮಲಗಿಸಿ ಅಜ್ಜಿ ಗಂಜಿ ಕುಡಿಸುವಳು, ಊರ ಸುದ್ದಿ ಹೇಳುವಳು. ದೊಡ್ಡಪ್ಪನಿಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ದೊಡ್ಡಪ್ಪ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನು, ಕೈಗೆ ಸಿಗದ್ದನ್ನು ನಂಬುವವನಲ್ಲ.

"ಯಾರ ಜೋಡಿ ಮಾತಾಡ್ತೀಯವ್ವಾ? ಕಾಯಿಲ್ ಸುಟ್ಟ ಮ್ಯಾಲೆ ಮೋಟ್ರೊಳಗೆ ಯಾರು ಕುಂತಿರ್ತಾರೆ?"

"ಮೋಟ್ರು ಸುಟ್ಟರೂ ಕರೆಂಟು ತಂತಿಯಾಗೆ ಇರ್ತೈತಲ್ಲೋ. ಇಲ್ಲಾಂದ್ರೆ ಮುಟ್ಟಿ ನೋಡು!" ಅಂದಳು ಅಜ್ಜಿ. "ನಿಮ್ಮಪ್ಪ ಒಳಗೇ ಅದಾರೆ. ಬಾಗಿಲು ಬಿಗದೈತೆ, ಅಷ್ಟೇ."

ಜಗಳ ಮುಟ್ಟಿದ್ದು ಮಂಚಕ್ಕೆ. ದೊಡ್ಡಪ್ಪನ ಮಗಳನ್ನು ನೋಡಲು ತ್ಯಾವಣಿಗೆಯಿಂದ ಗಂಡಿನ ಕಡೆಯವರು ಬರುವವರಿದ್ದರು. ಅಜ್ಜನನ್ನು ಕೊಟ್ಟಿಗೆ ಪಕ್ಕದ ಹೊಟ್ಟಿನ ಕೋಣೆಗೆ ಹಾಕೋಣ, ಅವನಿಗೇನು ಗೊತ್ತಾಗುತ್ತೆ ಅಂದ ದೊಡ್ಡಪ್ಪ. ಗೊತ್ತಾದರೆ, ಅಂದಳು ಅಜ್ಜಿ. ಮನೆಯ ಯಜಮಾನ, ತನ್ನನ್ನು ಪಡಸಾಲೆಯಿಂದ ಹೊಟ್ಟಿನ ಕೋಣೆಗೆ ಹೊತ್ತು ಹಾಕುವುದನ್ನು ಒಳಗೆ ಕೂತು ನೋಡುತ್ತಿದ್ದರೆ? ನನ್ನ ಅವ್ವ ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ನನಗೆ ಮಾತ್ರ ಒಂದು ದಾರಿ ಹೊಳೆಯಿತು. ಗೋಡೆಯ ಗೂಟದಲ್ಲಿ ನೇತಾಡುತ್ತಿದ್ದ ವಲ್ಲಿ ತಂದು ಅಜ್ಜನ ಕೈ ಮೇಲೆ ಹೊದಿಸಿದೆ, ಒಳಗೆ ನನ್ನ ಕೈ ಇಟ್ಟೆ. "ಅಜ್ಜಾ, ಏನು ಕೊಡ್ತೀಯಾ?" ಸುಮಾರು ಹೊತ್ತು ಏನೂ ಇಲ್ಲ. ಆಮೇಲೆ ಆ ಒರಟು ಅಂಗೈ ನಿಧಾನವಾಗಿ ಮಡಚಿಕೊಂಡಿತು. ನನ್ನ ಇಡೀ ಕೈ ಅದರೊಳಗೆ ಹೋಯಿತು.

"ಐದು! ಅಜ್ಜ ಐದು ಅಂತಾನೆ!" ಅಂತ ಕೂಗಿದೆ.

"ಐದು ಏನೇ? ಎತ್ತಾ, ಎಮ್ಮೆಯಾ?" ದೊಡ್ಡಪ್ಪ ನಕ್ಕ. "ನರದ ಎಳೆತ ಅದು. ಕಡಿದುಬಿದ್ದ ಹಲ್ಲಿ ಬಾಲಾನೂ ಕುಣೀತೈತೆ."

"ಹಂಗಾದ್ರೆ ನೀನೇ ಕೈ ಇಡು ಬಾ" ಅಂದಳು ಅಜ್ಜಿ.

ದೊಡ್ಡಪ್ಪ ಕೈ ಒರೆಸಿಕೊಂಡು ಬಂದು ಮಂಚದ ಅಂಚಿಗೆ ಕೂತ, ವಲ್ಲಿಯ ಕೆಳಗೆ ಕೈ ತೂರಿಸಿದ. ಅವನ ನಗು ಮೊದಮೊದಲು ಹಾಗೇ ಇತ್ತು. ಹೊರಗೆ ಕೋಳಿ ಕೆದರುವ ಸದ್ದು ಕೇಳುತ್ತಿತ್ತು. ವಲ್ಲಿ ಅಲುಗಿತೋ ಇಲ್ಲವೋ, ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದರೂ ತಿಳಿಯಲಿಲ್ಲ. ಬಹಳ ಹೊತ್ತಾದ ಮೇಲೆ ಎದ್ದು, "ನರದ ಎಳೆತ" ಅಂತ ಗೋಡೆಗೆ ಹೇಳಿ ಹೊರಗೆ ಹೋದ. ಗಂಡಿನ ಕಡೆಯವರು ಬಂದಾಗ ಅಜ್ಜನ ಮಂಚ ಪಡಸಾಲೆಯಲ್ಲೇ ಇತ್ತು. ದೊಡ್ಡಪ್ಪನೇ ಮುಂದಾಗಿ, "ನಮ್ಮಪ್ಪಾರು, ಮನೆ ಯಜಮಾನ್ರು" ಅಂತ ತೋರಿಸಿದ. ವಲ್ಲಿಯ ಕೆಳಗೆ ಅವನಿಗೆ ಏನು ಸಿಕ್ಕಿತ್ತೋ, ಸಾಯುವತನಕ ಯಾರಿಗೂ ಹೇಳಲಿಲ್ಲ.

ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳುವ ಮೇಷ್ಟ್ರೊಬ್ಬರು ಕುಕ್ಕರ್ ಕೊಳ್ಳಲು ಬಂದಾಗ ಈ ಕತೆ ಹೇಳಿದ್ದೆ. ಅವರು ಕುಕ್ಕರ್ ಮರೆತು ಕೂತರು. ಮಿದುಳೇ ಎಲ್ಲಾ ಅನ್ನುವವರು, ಮನಸ್ಸು ಬೇರೆ ಮೈ ಬೇರೆ ಅನ್ನುವವರು, ಕಲ್ಲಿನೊಳಗೂ ಅರಿವಿನ ಹನಿ ಇದೆ ಅನ್ನುವವರು, ಹೀಗೆ ಲೋಕದ ಪಂಡಿತರೂ ಪಂಗಡವಾಗಿದ್ದಾರೆ, ಒಬ್ಬರ ಒಳಗನ್ನು ಇನ್ನೊಬ್ಬರು ಹೊಕ್ಕು ನೋಡುವ ದಾರಿ ಮಾತ್ರ ಯಾರಿಗೂ ಸಿಕ್ಕಿಲ್ಲ ಅಂದರು. "ಗೆದ್ದೋರು ಯಾರು ಸಾರ್?" ಅಂದೆ. "ಇನ್ನೂ ಇತ್ಯರ್ಥ ಆಗಿಲ್ಲಮ್ಮ." ಹಾಗಾದರೆ ನ್ಯಾಯ ನಮ್ಮ ಪಡಸಾಲೆಯಲ್ಲೇ ನಿಂತಿದೆ ಅಂದುಕೊಂಡೆ. ಆ ಪಡಸಾಲೆ ಈಗಿಲ್ಲ. ಅಲ್ಲಿ ಮೆಕ್ಕೆಜೋಳ ಒಣಗಿಸುವ ಸಿಮೆಂಟಿನ ಕಣ ಆಗಿದೆ. ಪುಕ್ಕಟೆ ಒಂದು ಬುದ್ಧಿಮಾತು ಹೇಳುತ್ತೇನೆ, ಇಟ್ಟುಕೊಳ್ಳಿ: ಹಾಸಿಗೆ ಹಿಡಿದವರ ಮುಂದೆ ಅವರು ಇಲ್ಲದ ಹಾಗೆ ಮಾತಾಡಬೇಡಿ. ಒಳಗೆ ಇದ್ದರೆ ಅವರಿಗೆ ಲಾಭ, ಇಲ್ಲದಿದ್ದರೆ ನಿಮಗೇನೂ ನಷ್ಟವಿಲ್ಲ. ಇಷ್ಟು ಸಲೀಸಾದ ವ್ಯಾಪಾರ ಬೇರೆಲ್ಲೂ ಸಿಗುವುದಿಲ್ಲ.

ದೊಡ್ಡಪ್ಪ ಕೈ ಇಟ್ಟ ದಿನದಿಂದ ನಾನು ಪ್ರತಿ ಸಂಜೆ ಅಜ್ಜನ ಕೈಗೆ ವಲ್ಲಿ ಹೊದಿಸಿ ಕೂರುತ್ತಿದ್ದೆ. ದಿನಾ ಅದೇ ಐದು. ಹೆಚ್ಚಿಸು, ಇಳಿಸು ಅಂತ ಎಷ್ಟು ಬೇಡಿದರೂ ಅಜ್ಜ ಐದು ಬಿಟ್ಟು ಕದಲಲಿಲ್ಲ. ಎಂಥಾ ಬಿಗಿ ವ್ಯಾಪಾರಿ ಅಂತ ನನಗೆ ಹೆಮ್ಮೆ. ಮುಂದೆ ನನ್ನ ಮಗಳು ಜ್ವರದಲ್ಲಿ ಮಲಗಿದ್ದಾಗ ಅವಳ ಕೈಯನ್ನು ನನ್ನ ಕೈಯೊಳಗೆ ತೆಗೆದುಕೊಂಡು ಕೂತೆ. ಆಗ ತಟ್ಟನೆ ಹೊಳೆಯಿತು, ಮಗುವಿನ ಕೈ ಹಿಡಿಯಬೇಕು ಅನ್ನಿಸಿದರೆ ಯಾರೂ ಹಿಡಿಯುವುದು ಹೀಗೇ, ಇಡಿಯಾಗಿ. ಅಜ್ಜ ಬೆಲೆ ಹೇಳಿರಲೇ ಇಲ್ಲವೇನೋ. ಅಥವಾ ದೊಡ್ಡಪ್ಪ ಹೇಳಿದ ಹಾಗೆ ಬರೀ ನರವೋ. ಕೇಳೋಣವೆಂದರೆ ಯಾರಿದ್ದಾರೆ?

ಅಜ್ಜನ ಕೊನೆಯ ಸಂಜೆಯೂ ಕೂತಿದ್ದೆ. ಹಿಡಿತ ಹಾಗೇ ಇತ್ತು, ಆದರೆ ಅಂಗೈ ಪಡಸಾಲೆಯ ನೆಲದಷ್ಟು ತಣ್ಣಗಾಗುತ್ತಾ ಬಂತು. ಅಜ್ಜಿ ನೋಡಿದಳು, ಒಲೆ ಕಡೆ ತಿರುಗಿ ಅವ್ವನನ್ನು ಕರೆದಳು. "ಬಿಡು ಮಗಾ" ಅಂದಳು ಅವ್ವ. ಬಿಟ್ಟರೆ ವ್ಯಾಪಾರ ಮುರಿಯುತ್ತದಲ್ಲ, ನಾನು ಬಿಡಲಿಲ್ಲ. ಅಜ್ಜನೂ ಬಿಟ್ಟಿರಲಿಲ್ಲ. ಅವ್ವ ವಲ್ಲಿ ಸರಿಸದೆ, ಅದರ ಕೆಳಗೇ ಕೈ ಹಾಕಿ, ಒಂದೊಂದೇ ಬೆರಳು ಬಿಡಿಸಿದಳು.