ಪುಷ್ಪಕಕ್ಕೆ ತುಂಬಿದ ಉಡಿ

ಆಗ ನಮ್ಮೂರಿನ ಆಕಾಶದಲ್ಲಿ ಹದ್ದು, ಕೊಕ್ಕರೆ, ಮಳೆಗಾಲದ ಮೋಡ ಬಿಟ್ಟರೆ ಬೇರೆ ಯಾರ ಓಡಾಟವೂ ಇರಲಿಲ್ಲ. ಶಿಕಾರಿಪುರದವರು ನಮ್ಮನ್ನು ಸೊರಬದ ಕಡೆಯವರು ಅನ್ನುತ್ತಿದ್ದರು, ಸೊರಬದವರು ಶಿಕಾರಿಪುರದ ಕಡೆಯವರು ಅನ್ನುತ್ತಿದ್ದರು. ಬಳ್ಳಿಗಾವಿಯಲ್ಲಿ ಬಸ್ಸು ಇಳಿದು ಗದ್ದೆಯ ಬದು ಹಿಡಿದು ಬಹಳ ದೂರ ನಡೆದರೆ ನಮ್ಮ ಮನೆ. ಸ್ವಲ್ಪ ಗದ್ದೆ, ತುಂಬಾ ಕುರಿ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಅಂದರೆ ನಮ್ಮಜ್ಜಿ, ಮತ್ತೆ ನಾನು. ನನ್ನನ್ನು ಎಲ್ಲರೂ ಗಂಗಿ ಎಂದು ಕರೆಯುತ್ತಿದ್ದರು. ನಾನು ಮಹಾ ಹೆದರುಪುಕ್ಕಲಿ. ಗುಡುಗಿಗೆ, ಟಗರಿಗೆ, ಹುಣಸೆ ಮರದ ನೆರಳಿಗೆ, ಎಲ್ಲಕ್ಕೂ ಹೆದರುತ್ತಿದ್ದೆ.

ಆ ವರ್ಷ ಸುಗ್ಗಿ ಮುಗಿದು ಗದ್ದೆ ಬಯಲಾಗಿತ್ತು. ಗೊಬ್ಬರಕ್ಕೆಂದು ಅಪ್ಪ ಕೆರೆ ಹಿಂದಿನ ಗದ್ದೆಯಲ್ಲಿ ಕುರಿಮಂದೆ ಹಾಕಿದ್ದ. ಬೆಳಿಗ್ಗೆ ಅಜ್ಜಿಯ ಜೊತೆ ಬುತ್ತಿ ತೆಗೆದುಕೊಂಡು ಹೋಗುವುದು ನನ್ನ ಕೆಲಸ. ಅಕ್ಕಿರೊಟ್ಟಿಯ ಬಿಸಿ, ಅವರೆಕಾಳಿನ ಪಲ್ಯ, ಇಬ್ಬನಿ ಬಿದ್ದ ಕುರಿಹಿಕ್ಕೆಯ ವಾಸನೆ, ಇವೆಲ್ಲ ಸೇರಿ ನನ್ನ ಪಾಲಿಗೆ ಅದೇ ಬೆಳಗು. ಅವತ್ತು ಇನ್ನೂ ಬುತ್ತಿ ಬಿಚ್ಚಿರಲಿಲ್ಲ. ಕೆರೆಯ ಆಚೆಯಿಂದ ಅಕ್ಕಿ ಗಿರಣಿಯ ಇಂಜಿನ್ನು ಕೆಮ್ಮಿದ ಹಾಗೆ ಸದ್ದು ಬಂತು. ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಆಮೇಲೆ ಸದ್ದೇ ಇಲ್ಲದೆ ಒಂದು ದೊಡ್ಡ ನೆರಳು ನಮ್ಮ ತಲೆಯ ಮೇಲೆ ಹಾದುಹೋಯಿತು.

ಕುರಿಗಳು ತಡಿಕೆ ಮುರಿದುಕೊಂಡು ಚದುರಿದವು. ನಾನು ಹುಲ್ಲಿನ ಬಣವೆಯೊಳಗೆ ಮುಖ ಹುದುಗಿಸಿಕೊಂಡು ಅಳುತ್ತಿದ್ದೆ. ನೆಲಕ್ಕೆ ಏನೋ ಬಡಿದು, ಪುಟಿದು, ಮತ್ತೆ ಬಡಿದು, ಗಡಗಡ ಉರುಳಿ ನಿಂತದ್ದು ಕೇಳಿಸಿತು. ಎಷ್ಟೋ ಹೊತ್ತಿನ ಮೇಲೆ ಅಜ್ಜಿಯ ದನಿ ಬಂತು.

“ಏ ಗಂಗಿ, ಹೊರಗ ಬಾ. ಹೆಣ್ಣುಡುಗಿ ಕಣೆ ಇದು!”

ಗದ್ದೆಯ ಆ ತುದಿಯಲ್ಲಿ ಹಳದಿ ಬಣ್ಣದ ಪುಟ್ಟ ವಿಮಾನ ನಿಂತಿತ್ತು. ಪಕ್ಕದಲ್ಲಿ ಪ್ಯಾಂಟು ಹಾಕಿದ, ಒಂಟಿ ಜಡೆಯ ಹುಡುಗಿಯೊಬ್ಬಳು ಎರಡೂ ಕೈಯಿಂದ ರೆಕ್ಕೆಯ ಕೋಲು ಹಿಡಿದು ನಿಂತಿದ್ದಳು. ಬಿಟ್ಟರೆ ಬೀಳುತ್ತಾಳೇನೋ ಅನ್ನುವ ಹಾಗೆ. ಅವಳ ಮೊದಲ ಮಾತು, “ಕುರಿಗಳಿಗೆ ಏನೂ ಆಗಿಲ್ಲ ತಾನೆ?” ಅಜ್ಜಿಗೆ ಅವಳು ಅಷ್ಟಕ್ಕೇ ಇಷ್ಟವಾಗಿಬಿಟ್ಟಳು.

ಅವಳ ಹೆಸರು ಶಾಲಿನಿ. ವಿಮಾನ ಕಲಿಸುವ ಕ್ಲಬ್ಬೊಂದರಲ್ಲಿ ಕಲಿತು, ಲೈಸೆನ್ಸ್ ಪಡೆದು, ಒಬ್ಬಳೇ ದೂರ ಹಾರಲು ಹೊರಟವಳು. ದಾರಿಯಲ್ಲಿ ಪೆಟ್ರೋಲಿಗೆ ನೀರು ಸೇರಿ ಇಂಜಿನ್ನು ಕೈಕೊಟ್ಟಿತ್ತು. ಅಪ್ಪ ಸೈಕಲ್ಲಿನಲ್ಲಿ ಆನವಟ್ಟಿಗೆ ಹೋಗಿ ಅವಳ ಕ್ಲಬ್ಬಿಗೆ ಫೋನು ಮಾಡಿಸಿ ಬಂದ. ಮೆಕ್ಯಾನಿಕ್ಕು ಜೀಪಿನಲ್ಲಿ ಬರುವವರೆಗೆ ಅವಳು ನಮ್ಮ ಮನೆಯ ನೆಂಟಳಾದಳು. ಅವ್ವನ ಸೀರೆ ಉಟ್ಟು, ಒಲೆಯ ಮುಂದೆ ಕೂತು ನಮ್ಮ ಜೊತೆಗೇ ಉಂಡಳು.

ವಿಮಾನದ ಸುತ್ತ ಅಪ್ಪ ಕುರಿಮಂದೆಗೆ ಕಟ್ಟುವ ಹಾಗೇ ಮುಳ್ಳುಬೇಲಿ ಕಟ್ಟಿದ. ಕಟ್ಟದೆ ವಿಧಿಯಿರಲಿಲ್ಲ. ಅದರ ಮೈಯೆಲ್ಲ ಬಟ್ಟೆ, ಆ ಬಟ್ಟೆಗೆ ಹಚ್ಚಿದ ಬಣ್ಣದ ರುಚಿಗೆ ಊರ ದನಗಳು ನಾಲಿಗೆ ಚಾಚಿಕೊಂಡು ಬರುತ್ತಿದ್ದವು. ಒಳಗೆ ಉಕ್ಕಿನ ಕೊಳವೆಗಳ ಗೂಡು, ಮೇಲೆ ಬಿಗಿದ ಬಟ್ಟೆ, ಅಷ್ಟೇ ವಿಮಾನ! ಬೆರಳಿನಿಂದ ತಟ್ಟಿದರೆ ತಮಟೆಯ ಹಾಗೆ ಡಬ್ ಅನ್ನುತ್ತಿತ್ತು. ಮುಂದೆ ಎರಡು ಚಕ್ರ, ಹಿಂದೆ ಬಾಲದ ಕೆಳಗೆ ಅಂಗೈಯಷ್ಟು ಒಂದು ಚಕ್ರ. ಮುಟ್ಟಿ ಮೂಸಿದರೆ ಕೈಗೆ ಪೆಟ್ರೋಲು ಮತ್ತು ಉಗುರಿನ ಬಣ್ಣದ ವಾಸನೆ.

“ಇದರ ಹೆಸರು ಪುಷ್ಪಕ,” ಅಂದಳು ಶಾಲಿನಕ್ಕ. “ಅಮೆರಿಕದ ಒಂದು ಹಳೇ ವಿಮಾನದ ಮಾದರಿ ನೋಡಿ ಬೆಂಗಳೂರಲ್ಲಿ ಕಟ್ಟಿದ್ದು. ನಮ್ಮ ದೇಶದಲ್ಲಿ ಎಷ್ಟೋ ಪೈಲಟ್‌ಗಳು ಮೊದಲು ಹಾರಿದ್ದು ಇದರಲ್ಲೇ. ತುಂಬ ಸಾಧು. ರೆಕ್ಕೆ ತಲೆ ಮೇಲಿದೆ ನೋಡು, ಅದಕ್ಕೇ ಕೆಳಗಿನ ನೆಲ ಚೆನ್ನಾಗಿ ಕಾಣುತ್ತೆ. ಇಂಜಿನ್ ನಿಂತ್ರೂ ಕಲ್ಲಿನ ಹಾಗೆ ಬೀಳಲ್ಲ, ಮೆಲ್ಲಗೆ ಜಾರ್ಕೊಂಡು ಬರುತ್ತೆ.”

“ಮತ್ತೆ ಯಾವಾಗ ಬೀಳ್ತೈತಿ?” ನನಗೆ ಬೇಕಾದದ್ದು ಅದೊಂದೇ.

ಅವಳು ನಕ್ಕು, ಅವ್ವನ ಕೈಯಿಂದ ಮೊರ ತೆಗೆದುಕೊಂಡು ಒನಕೆಯ ತುದಿಯ ಮೇಲೆ ಸಮತೂಕದಲ್ಲಿ ನಿಲ್ಲಿಸಿದಳು. ಮೊರದ ಹಿಂಬದಿಗೆ ಒಂದು ಹಿಡಿ ಅವರೆಕಾಳು ಹಾಕಿದಳು. ಮೊರದ ಮುಂಬದಿ ಮೇಲೆದ್ದು, ಕಾಳೆಲ್ಲ ಹಿಂದಕ್ಕೆ ಜಾರಿ, ಮೊರವೇ ಮಗುಚಿ ಬಿತ್ತು.

“ಹೀಗೆ. ಹಿಂದೆ ಭಾರ ಆದ್ರೆ ಮೂಗು ಮೇಲೇಳುತ್ತೆ. ಮೂಗು ಮೇಲೆದ್ದರೆ ವೇಗ ಕಡಿಮೆ ಆಗುತ್ತೆ. ವೇಗ ಹೋದ್ರೆ ರೆಕ್ಕೆಗೆ ಗಾಳಿ ಮೇಲಿನ ಹಿಡಿತ ತಪ್ಪುತ್ತೆ. ಎಷ್ಟೇ ಸಾಧು ಆದ್ರೂ ಆಗ ಅದು ಏನೂ ಮಾಡಕ್ಕಾಗಲ್ಲ.”

ನನಗೆ ಅವತ್ತಿನಿಂದ ಮೊರ ಕಂಡರೂ ಹೆದರಿಕೆ ಶುರುವಾಯಿತು.

ಜೀಪು ಬಂತು. ಮೆಕ್ಯಾನಿಕ್ಕು ಇಂಜಿನ್ನು ಸರಿಮಾಡಿ, ಗದ್ದೆಯನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಿ, ತಲೆ ಕೊಡವಿದ. ಮುಂದೆ ಕೆರೆಯ ಏರಿ ಅಡ್ಡವಿತ್ತು. ಅದನ್ನು ದಾಟುವಷ್ಟು ಏಳಬೇಕಾದರೆ ವಿಮಾನ ಹಗುರವಿರಬೇಕು. ಪಕ್ಕದ ಸೀಟಿನ ದಿಂಬು ತೆಗೆದರು. ಬೇಕಾದಷ್ಟೇ ಪೆಟ್ರೋಲು ಬಿಟ್ಟರು. ಅವಳ ಪೆಟ್ಟಿಗೆ, ಚಪ್ಪಲಿ, ನೀರಿನ ಬಾಟಲಿಯನ್ನೂ ಜೀಪಿಗೆ ಹಾಕಿದರು.

ಆಗ ಅಜ್ಜಿ ಉಡಿ ತುಂಬುವ ಸಾಮಾನು ತಂದಿಟ್ಟಳು. ಹೊಸ ಪಂಚೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ತೆಂಗಿನಕಾಯಿ, ಬೆಲ್ಲದ ಅಚ್ಚು, ಅಡಿಕೆ, ರವಿಕೆ ಕಣ. ನಮ್ಮ ಮನೆಯಿಂದ ಹೊರಡುವ ಹೆಣ್ಣುಮಗಳಿಗೆ ಉಡಿ ತುಂಬದೆ ಕಳಿಸುವುದೆಂದರೆ ಅಜ್ಜಿಗೆ ಜೀವ ಹೋದ ಹಾಗೆ. ಅದಕ್ಕೆ ಕಾರಣವಿತ್ತು. ಅಪ್ಪನಿಗೆ ಒಬ್ಬ ತಂಗಿ ಇದ್ದಳು. ಬೀಗರ ಜೊತೆ ಏನೋ ಜಗಳವಾಗಿ, ಅಳುತ್ತಾ ಬರಿ ಉಡಿಯಲ್ಲಿ ಗಂಡನ ಮನೆಗೆ ಹೋದವಳು ಹೆರಿಗೆಯಲ್ಲಿ ತೀರಿಕೊಂಡಳು. ನಾನು ಆಗ ಹುಟ್ಟಿರಲಿಲ್ಲ. ಆದರೆ ಆ ಬರಿ ಉಡಿಯ ಹೆದರಿಕೆ ನಮ್ಮ ಮನೆಯಲ್ಲಿ ಒಬ್ಬ ಮನುಷ್ಯನ ಹಾಗೆ ಓಡಾಡಿಕೊಂಡಿತ್ತು.

“ಅಜ್ಜಿ, ಒಂದು ಹಿಡಿ ಅಕ್ಕಿ ಸಾಕು. ಉಳಿದದ್ದು ಜೀಪಲ್ಲಿ ಕಳಿಸಿ,” ಅಂದಳು ಶಾಲಿನಕ್ಕ.

“ಉಡಿ ತುಂಬಿಸ್ಕೊಂಡಾಕಿ ಜೊತೀಗೇ ಹೋಗ್ಬೇಕವ್ವ. ಮಂದಿ ಕೈಯಾಗ ಕಳಿಸೋದಲ್ಲ ಅದು.”

“ಭಾರ ಆಗುತ್ತೆ ಅಜ್ಜಿ.”

“ಪುಷ್ಪಕ ಅಂತೀ, ಭಾರ ಅಂತೀ! ರಾಮದೇವ್ರು ಲಂಕೆಯಿಂದ ಬರುವಾಗ ಅಷ್ಟು ಮಂದಿ ಕೂತಿದ್ರಲ್ಲ, ಇನ್ನೂ ಒಬ್ರಿಗೆ ಜಾಗ ಇತ್ತಂತ.”

ಎಲ್ಲರೂ ನಕ್ಕರು. ಶಾಲಿನಕ್ಕ ಸೆರಗಿಲ್ಲದ ಅಂಗಿಯ ಅಂಚನ್ನೇ ಒಡ್ಡಿ ಒಂದು ಹಿಡಿ ಅಕ್ಕಿ ಹಾಕಿಸಿಕೊಂಡು ಜೇಬಿಗೆ ಸುರಿದುಕೊಂಡಳು. ಅಜ್ಜಿ ನಗಲಿಲ್ಲ. ಉಳಿದದ್ದನ್ನೆಲ್ಲ ಪಂಚೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ ಒಳಗೆ ಒಯ್ದಳು.

ಮರುದಿನ ಬೆಳಿಗ್ಗೆ ಗಾಳಿ ಕೆರೆಯ ಕಡೆಯಿಂದ ಬೀಸುತ್ತಿತ್ತು. ಎದುರು ಗಾಳಿ ಒಳ್ಳೆಯದು ಅಂದರು. ಅಪ್ಪ, ಮೆಕ್ಯಾನಿಕ್ಕು, ಶಾಲಿನಕ್ಕ ಗದ್ದೆಯಲ್ಲಿ ಕಲ್ಲು ಆರಿಸುತ್ತಿದ್ದರು, ನಾನೂ ಅವ್ವನೂ ಅವರ ಹಿಂದೆ. ವಿಮಾನಕ್ಕೆ ಅರಿಸಿನ ಕುಂಕುಮ ಹಚ್ಚಿ ಬರುತ್ತೇನೆಂದು ಅಜ್ಜಿ ಮಾತ್ರ ಅತ್ತ ಹೋದಳು. ಶಾಲಿನಕ್ಕ ಒಳಗೆ ಹತ್ತಿ ಕೂತಳು, ಮೆಕ್ಯಾನಿಕ್ಕು ಮುಂದಿನ ಪಂಕವನ್ನು ಕೈಯಿಂದ ತಿರುವಿದ. ಇಂಜಿನ್ನು ಶುರುವಾಯಿತು. ಹುಲ್ಲು, ದೂಳು, ಹಿಕ್ಕೆ ಎಲ್ಲ ಹಿಂದಕ್ಕೆ ಹಾರಿದವು. ಶಾಲಿನಕ್ಕ ಗಾಜಿನ ಒಳಗಿಂದ ನನ್ನತ್ತ ಕೈಬೀಸಿದಳು.

ವಿಮಾನ ಓಡಿತು. ಬಾಲ ಮೊದಲು ಮೇಲೇಳುತ್ತದೆ, ಆಮೇಲೆ ಮುಂದಿನ ಚಕ್ರ ನೆಲ ಬಿಡುತ್ತದೆ ಎಂದು ಅವಳು ಹೇಳಿಕೊಟ್ಟಿದ್ದಳು. ನಾನು ಬಾಲವನ್ನೇ ನೋಡುತ್ತಿದ್ದೆ. ಅದು ಏಳಲಿಲ್ಲ. ಅರ್ಧ ಗದ್ದೆ ದಾಟಿದರೂ ಆ ಪುಟ್ಟ ಚಕ್ರ ಕೂಳೆಗಳ ಮೇಲೆ ತಟತಟ ಬಡಿದುಕೊಂಡೇ ಹೋಗುತ್ತಿತ್ತು.

“ಬಾಲ ಏಳ್ತಿಲ್ಲ!” ಮೆಕ್ಯಾನಿಕ್ಕು ಕೂಗಿದ. “ಹಿಂದೆ ಏನಿದೆ? ಒಳಗೆ ಏನಿದೆ?”

ಅಜ್ಜಿ ಕೈ ಮುಗಿದುಕೊಂಡು ನಿಂತಿದ್ದಳು. ಮುಖದಲ್ಲಿ ಎಂಥ ಸಮಾಧಾನ! “ಹೆದರಬ್ಯಾಡ್ರಿ. ಉಡಿ ಒಳಗೈತಿ. ಉರುಳಬಾರ್ದು ಅಂತ ಸೀಟಿನ ಹಿಂದ, ಬಾಲದ ಕಡೀಗೆ ದೂರಕ್ಕ ತಳ್ಳೀನಿ.”

ಟಗರನ್ನು ಎತ್ತಿ ಒಗೆಯುವ ತೋಳು ನಮ್ಮಜ್ಜಿಯದು. ಅವಳು ಕಟ್ಟಿದ ಗಂಟು ಎಷ್ಟು ಭಾರವಿತ್ತೆಂದು ನನಗೆ ಗೊತ್ತಿತ್ತು. ಒನಕೆಯ ಮೇಲಿನ ಮೊರ ಕಣ್ಣ ಮುಂದೆ ಮಗುಚಿತು. ಲಂಗ ಒದ್ದೆಯಾದದ್ದು ಆಮೇಲೆ ಗೊತ್ತಾಯಿತು.

ಏರಿ ಇನ್ನೇನು ಬಂತು ಅನ್ನುವಾಗ ವಿಮಾನ ನೆಲ ಬಿಟ್ಟಿತು. ಹಾರಿದ ಹಾಗಿರಲಿಲ್ಲ. ಮೂಗು ಆಕಾಶಕ್ಕೆ, ಬಾಲ ಕೆಳಕ್ಕೆ ಜೋತುಬಿದ್ದು, ಗಾಳಿಗೆ ನೇತುಹಾಕಿದ ಹಾಗೆ ತೂಗುತ್ತಿತ್ತು. ಒಂದು ರೆಕ್ಕೆ ವಾಲಿತು. ಚಕ್ರಗಳು ಏರಿಯ ಮೇಲಿನ ಲಕ್ಕಿಗಿಡಗಳಿಗೆ ತಾಗಿ ಎಲೆ ಉದುರಿದವು. ಆಮೇಲೆ ವಿಮಾನ ಏರಿಯ ಆಚೆ ಕೆಳಕ್ಕೆ ಇಳಿದು ಕಾಣದಾಯಿತು. ಸದ್ದೂ ಏರಿಯ ಹಿಂದೆ ಅಡಗಿತು.

ಕುರಿಗಳೂ ಮೇಯುವುದನ್ನು ಬಿಟ್ಟು ನಿಂತಿದ್ದವು. ಅಪ್ಪ ಓಡಿದ, ನಾವೂ ಓಡಿದೆವು. ಏರಿ ಹತ್ತಿ ನೋಡಿದರೆ ಕೆರೆಯ ತುಂಬ ಕೊಕ್ಕರೆಗಳು ಎದ್ದು ಚೆಲ್ಲಾಪಿಲ್ಲಿಯಾಗಿ ಹಾರುತ್ತಿದ್ದವು. ಅವುಗಳ ಕೆಳಗೆ, ನೀರಿಗೆ ಮೈ ತಾಗಿಸಿಕೊಂಡ ಹಾಗೆ, ಹಳದಿ ವಿಮಾನ ಹೋಗುತ್ತಿತ್ತು. ಆಚೆ ದಡದ ಈಚಲು ಗಿಡಗಳನ್ನು ಹೇಗೋ ದಾಟಿತು. ಸೊರಬದ ಕಡೆಯ ಮಂಜಿನಲ್ಲಿ ಕರಗಿತು.

“ಹೋದ್ಲಲ್ಲ?” ಅಂದಳು ಅಜ್ಜಿ ಏದುಸಿರು ಬಿಡುತ್ತಾ.

ಮೆಕ್ಯಾನಿಕ್ಕು ಬಿಳಿಚಿಕೊಂಡಿದ್ದ. “ಹಾರೋದಲ್ಲಮ್ಮ, ಇಳಿಯೋದು ಹೇಗೆ ಅವಳು? ಇಳಿಯುವಾಗ ವೇಗ ಇನ್ನೂ ಕಮ್ಮಿ ಮಾಡ್ಬೇಕು,” ಅಂದವನು ಯಾರಿಗೂ ಹೇಳದೆ ಜೀಪು ಹತ್ತಿದ.

ಆಮೇಲೆ ಎಷ್ಟೋ ದಿನ ಕಳೆದವು. ಹೋಗಿ ಮುಟ್ಟಿದಳೋ ಇಲ್ಲವೋ ಹೇಳುವವರು ಯಾರೂ ಇಲ್ಲ. ಅಪ್ಪ ಆನವಟ್ಟಿಗೆ ಹೋಗಿ ಫೋನು ಮಾಡಿಸಿದರೆ ಲೈನು ಸಿಗಲಿಲ್ಲ. ನಾನು ಕುಂಟೆಬಿಲ್ಲೆ ಆಡುವುದನ್ನು ಬಿಟ್ಟೆ. ಎಲ್ಲಿಯಾದರೂ ಒಂದು ಮೋಟಾರು ಕೆಮ್ಮಿದರೆ ಬಣವೆಯ ಹತ್ತಿರ ಓಡುತ್ತಿದ್ದೆ. ಅಜ್ಜಿ ಅನ್ನ ಬಿಟ್ಟಳು, ಗಂಜಿ ನೀರಷ್ಟೇ. ದಿನವೂ ಏರಿಯ ಮೇಲೆ ಹೋಗಿ ಸೊರಬದ ಕಡೆ ಮುಖ ಮಾಡಿ ಕೂರುತ್ತಿದ್ದಳು. ಒಮ್ಮೆ ನನ್ನ ಕೈ ಹಿಡಿದು ಕೇಳಿದಳು. “ಗಂಗೀ, ಆಕೆಗೆ ಉಡಿ ತುಂಬಲಿಲ್ಲ, ಆಕಿ ಹೋದ್ಲು. ಈಕೆಗೆ ತುಂಬಿದೆ. ಈಕೀನೂ ಹೋದ್ಲೇನೇ?” ದೊಡ್ಡವರೂ ಹೆದರುತ್ತಾರೆ ಎಂದು ಗೊತ್ತಾದದ್ದೇ ನನಗೆ ಎಲ್ಲಕ್ಕಿಂತ ದೊಡ್ಡ ಹೆದರಿಕೆಯಾಯಿತು.

ಒಂದು ಮಧ್ಯಾಹ್ನ ಗದ್ದೆಯ ಬದುವಿನ ಮೇಲೆ ಶಾಲಿನಕ್ಕ ನಡೆದು ಬಂದಳು. ಬಸ್ಸಿನಲ್ಲಿ ಬಂದಿದ್ದಳು. ಈ ಸಲ ಸೀರೆ. ಅಜ್ಜಿ ಅಂಗಳದಲ್ಲಿ ಕೂತಲ್ಲಿಂದ ಏಳಲಾರದೆ ಕೈ ಚಾಚಿದಳು. ಶಾಲಿನಕ್ಕ ಕೈ ಹಿಡಿಯಲಿಲ್ಲ.

“ಅಜ್ಜಿ, ನೀವು ನನ್ನ ಕೊಂದುಬಿಡ್ತಿದ್ರಿ!” ಅಂದಳು. “ಎರಡೂ ಕೈಯಿಂದ ವಿಮಾನ ನಡೆಸೋ ಹಿಡಿಕೆನ ಮುಂದಕ್ಕೆ ತಳ್ಕೊಂಡೇ ಇದ್ದೆ, ದಾರಿ ಪೂರ್ತಿ. ಬಿಟ್ರೆ ಮೂಗು ಮೇಲೆ. ನಿಮ್ಮ ಕೆರೆ ನೀರು ಏರಿಗಿಂತ ತಗ್ಗಲ್ಲಿತ್ತು, ಅದರೊಳಗೆ ಇಳಿಸಿ ವೇಗ ತಗೊಂಡೆ, ಅದಕ್ಕೇ ಬದುಕಿದೆ. ಆ ಗಂಟು ಕೈಗೆ ಸಿಕ್ಕಿದ್ರೆ ಆಗ್ಲೇ ಎಸೆದುಬಿಡ್ತಿದ್ದೆ!”

ಅಜ್ಜಿ ಅದ್ಯಾವುದನ್ನೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವಳ ಕೈಯನ್ನು ತಾನೇ ಎಳೆದುಕೊಂಡು ಮಣಿಕಟ್ಟು, ಮೊಳಕೈ, ಭುಜ ಮುಟ್ಟಿ ಮುಟ್ಟಿ ನೋಡಿದಳು. “ತಪ್ಪಾತವ್ವ, ತಪ್ಪಾತು. ನಂಗೇನು ಗೊತ್ತು? ಬರಿ ಉಡೀಲೆ ಕಳಿಸಾಕ ಧೈರ್ಯ ಆಗಲಿಲ್ಲ.” ಶಾಲಿನಕ್ಕ ಸಿಟ್ಟಿನಲ್ಲೇ ಅಳಲು ಶುರುಮಾಡಿದಳು. ಅಳುತ್ತಲೇ, “ಇಳಿದ ಮೇಲೆ ಆ ಅಕ್ಕಿ ಅನ್ನ ಮಾಡಿ ಉಂಡೆ,” ಅಂದಳು.

“ಉಂಡ್ಯಲ್ಲವ್ವ,” ಅಂದಳು ಅಜ್ಜಿ. ಅವತ್ತು ಅವಳೂ ಅನ್ನ ಉಂಡಳು.

ಹೊರಡುವಾಗ ಶಾಲಿನಕ್ಕ ತಾನೇ ಸೆರಗೊಡ್ಡಿ ನಿಂತಳು. “ಇವತ್ತು ಬಸ್ಸು ಅಜ್ಜಿ, ಎಷ್ಟು ಬೇಕಾದ್ರೂ ಹಾಕಿ.” ಅಜ್ಜಿ ಅಕ್ಕಿಯ ಮಡಕೆಗೆ ಕೈ ಹಾಕಿದಳು. ಒಂದು ಹಿಡಿ ತೆಗೆದಳು, ಅದರಲ್ಲೂ ಸ್ವಲ್ಪ ಉದುರಿಸಿ ಉಳಿದದ್ದನ್ನು ಹಾಕಿದಳು.

ಆ ಕೈ ಮತ್ತೆ ಧಾರಾಳವಾಗಲೇ ಇಲ್ಲ. ನನ್ನ ಮದುವೆಯಾಗಿ ದಾವಣಗೆರೆಗೆ ಟೆಂಪೋದಲ್ಲಿ ಹೊರಟಾಗಲೂ ಅಜ್ಜಿ ನನ್ನ ಉಡಿಗೆ ಹಾಕಿದ್ದು ಅಂಗೈಯಷ್ಟೇ ಅಕ್ಕಿ. ಯಾಕಜ್ಜಿ ಇಷ್ಟೇ ಅಂದರೆ, “ದೂರ ಹೋಗಾಕಿ, ಭಾರ ಆಗಬಾರ್ದವ್ವ” ಅಂದಳು. ನಾನು ನಕ್ಕೆ. ಮುಂದಿನ ಸುಗ್ಗಿಗೆ ಅವಳಿರಲಿಲ್ಲ.

ಈಗ ಆ ಗದ್ದೆಯ ಮೇಲೆ ಕರೆಂಟಿನ ದೊಡ್ಡ ತಂತಿಗಳು ಹಾದಿವೆ, ಪುಷ್ಪಕ ಇಳಿಯುವ ಮಾತೇ ಇಲ್ಲ. ಅಂಥ ವಿಮಾನಗಳೂ ಈಗ ಹಾರುವುದು ಕಾಣೆ. ಒಂದನ್ನು ಸಂಗ್ರಹಾಲಯದಲ್ಲಿ ಹಗ್ಗದ ಆಚೆ ನೋಡಿದೆ. ಕಾವಲಿನವನು ಅತ್ತ ತಿರುಗಿದಾಗ ಬೆರಳಿನಿಂದ ತಟ್ಟಿದೆ. ಡಬ್ ಅಂದಿತು. ಶಿವಮೊಗ್ಗಕ್ಕೇ ವಿಮಾನ ನಿಲ್ದಾಣ ಬಂದಿದೆ. ಕಳೆದ ತಿಂಗಳು ಅಲ್ಲಿಂದ ಮಗಳ ಮನೆಗೆ ಹೊರಟೆ. ಕೌಂಟರಿನ ಹುಡುಗಿ ನನ್ನ ಚೀಲವನ್ನು ತೂಕಕ್ಕಿಟ್ಟು, “ಇಷ್ಟೇನಾ ಆಂಟಿ? ಇನ್ನೂ ಎಷ್ಟೊಂದು ಹಾಕಬಹುದಿತ್ತು!” ಅಂದಳು.

ಹಾಕುವವರು ಯಾರಿದ್ದಾರೆ? ವಿಮಾನ ಓಡತೊಡಗಿದಾಗ ಕಣ್ಣು ಮುಚ್ಚಿ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಒಂದು ಕಾಲದಲ್ಲಿ ಹಿಂದಿನ ಭಾರಕ್ಕೆ ಹೆದರಿದ್ದೆ. ಈಗ ಬರಿ ಉಡಿಯಲ್ಲಿ ಮೇಲೇಳುತ್ತಿದ್ದೇನೆ, ಅದಕ್ಕೆ ಹೆದರಿಕೆ.